ಹಸಿದರೆ ಸ್ನಾಯು ಕರಗುತ್ತದೆಯೇ?

ಪ್ರಶ್ನೆ: ಕಾಫಿ ಕುಯ್ಲಿನ ದಿನಗಳಲ್ಲಿ ಒಂದು ಲೋಟ ಬೆಲ್ಲದ ಕಾಫಿ ಕುಡಿದು ತೋಟಕ್ಕೆ ಇಳಿದರೆ ಮಧ್ಯಾಹ್ನದವರೆಗೆ ಬೇರೇನೂ ತಿನ್ನುವುದಿಲ್ಲ. ರಕ್ತದ ಸಕ್ಕರೆ ಇಳಿದಾಗ ದೇಹವು ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮಾತು ನಿಜ, ಆದರೆ ಒಂದು ಬೆಳಗಿನ ಹಸಿವಿಗೆ ಹೆದರಬೇಕಾಗಿಲ್ಲ. ರಾತ್ರಿ ತಿಂದ ಅಕ್ಕಿ ರೊಟ್ಟಿಯ ಗ್ಲೂಕೋಸಿನ ಒಂದು ಪಾಲು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುತ್ತದೆ. ಸುಮಾರು 100 ಗ್ರಾಂನಷ್ಟಿರುವ ಈ ದಾಸ್ತಾನು ಒಂದು ದಿನದೊಳಗೆ ಬಹುತೇಕ ಮುಗಿಯುತ್ತದೆ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಆದ್ದರಿಂದ ದಾಸ್ತಾನು ಬರಿದಾಗುವ ಮೊದಲೇ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸತೊಡಗುತ್ತದೆ, ಅದರ ಕಚ್ಚಾವಸ್ತುಗಳಲ್ಲಿ ಸ್ನಾಯುವಿನ ಪ್ರೋಟೀನ್ ಒಡೆದಾಗ ಸಿಗುವ ಅಮೈನೋ ಆಮ್ಲಗಳೂ ಸೇರಿವೆ.

ಇಲ್ಲಿ ಹೆಚ್ಚಿನವರು ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನಿನತ್ತ ಬೆರಳು ತೋರಿಸುತ್ತಾರೆ, ಆದರೆ ಅದರ ಕೆಲಸ ಮುಖ್ಯವಾಗಿ ಯಕೃತ್ತಿನಲ್ಲಿ. ಸ್ನಾಯುವಿನ ಬಾಗಿಲು ತೆರೆಯುವುದು ಇನ್ಸುಲಿನ್ ಇಳಿದಾಗ. ಪ್ರೋಟೀನ್ ಒಡೆಯದಂತೆ ತಡೆಯುವ ಇನ್ಸುಲಿನ್ ಕಡಿಮೆಯಾಗಿ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಜೊತೆಗೂಡಿದಾಗ ಸ್ನಾಯುವಿನಿಂದ ಅಲನೈನ್ ಮತ್ತು ಗ್ಲುಟಮೈನ್ ಎಂಬ ಅಮೈನೋ ಆಮ್ಲಗಳು ಹೆಚ್ಚಾಗಿ ರಕ್ತಕ್ಕೆ ಇಳಿಯುತ್ತವೆ. ಯಕೃತ್ತು ಅಲನೈನಿನ ಸಾರಜನಕವನ್ನು ಯೂರಿಯಾ ಮಾಡಿ, ಉಳಿದ ಇಂಗಾಲದ ಸರಪಳಿಯಿಂದ ಗ್ಲೂಕೋಸ್ ಕಟ್ಟುತ್ತದೆ. ಲ್ಯೂಸಿನ್, ಲೈಸಿನ್ ಎಂಬ ಎರಡು ಅಮೈನೋ ಆಮ್ಲಗಳಿಂದ ಮಾತ್ರ ಗ್ಲೂಕೋಸ್ ಆಗುವುದಿಲ್ಲ. ಉಪವಾಸ ಕೆಲವು ದಿನ ಮುಂದುವರಿದರೆ ಮಿದುಳು ಕೊಬ್ಬಿನಿಂದಾದ ಕೀಟೋನ್‌ಗಳನ್ನೂ ಬಳಸತೊಡಗುವುದರಿಂದ ಸ್ನಾಯುವಿನ ನಷ್ಟ ನಿಧಾನವಾಗುತ್ತದೆ.

ಸಕ್ಕರೆ ಇಳಿದಾಗಲೆಲ್ಲ ಸ್ನಾಯು ಒಡೆಯುತ್ತದೆ ಎಂಬುದೂ ಸರಿಯಲ್ಲ. ಮಧುಮೇಹಿಯೊಬ್ಬರು ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಮರೆತರೆ ಸಕ್ಕರೆ ಇಳಿದಿರುತ್ತದೆ, ಇನ್ಸುಲಿನ್ ಮಾತ್ರ ಏರಿರುತ್ತದೆ; ಆಗ ರಕ್ತದಲ್ಲಿ ಅಮೈನೋ ಆಮ್ಲಗಳು, ಅದರಲ್ಲೂ ಲ್ಯೂಸಿನ್‌ನಂಥವು, ಹೆಚ್ಚುವ ಬದಲು ಕಡಿಮೆಯಾಗುತ್ತವೆ, ಯಕೃತ್ತಿನ ತಯಾರಿಕೆಯೂ ಹಿಂಜರಿಯುತ್ತದೆ. ಅಪಾಯವಿರುವುದು ಈ ಸ್ಥಿತಿಯಲ್ಲೇ. ಕಾಫಿ ಸಾಲಿನ ನಡುವೆ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಮೊಟ್ಟೆ, ಮಾಂಸ ಎಂದು ಕಾಯದೆ, ನುಂಗಲು ಸಾಧ್ಯವಿರುವಾಗಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿ, ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.