ಕಾಂಕ್ರೀಟ್ ಬ್ಲಾಕ್ ಹಸಿರಾಗುವುದು ಯಾವಾಗ?

ಶಾಲೆ, ಆಸ್ಪತ್ರೆ, ಗ್ರಂಥಾಲಯಗಳ ಗೋಡೆಯೊಳಗೆ ಕಾಂಕ್ರೀಟ್ ಬ್ಲಾಕ್ ಇದೆ ಎಂಬುದು ಅಲ್ಲಿ ದಿನವೂ ಓಡಾಡುವವರಿಗೂ ತಿಳಿದಿರುವುದಿಲ್ಲ. ಗಾರೆ, ಬಣ್ಣ, ಕೆಲವೆಡೆ ಕಲ್ಲಿನ ಹಲಗೆ ಅದನ್ನು ಮುಚ್ಚಿರುತ್ತವೆ. ಬ್ಲಾಕಿನ ನಿಜರೂಪವನ್ನು ಮರೆಮಾಚುವ ಅಭ್ಯಾಸ ಹೆಚ್ಚುಕಡಿಮೆ ಬ್ಲಾಕಿನಷ್ಟೇ ಹಳೆಯದು. ಅಮೆರಿಕದ ಹಾರ್ಮನ್ ಪಾಮರ್ 1900ರಲ್ಲಿ ಟೊಳ್ಳು ಬ್ಲಾಕ್ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಸಿಯರ್ಸ್ ರೋಬಕ್ ಕಂಪನಿ ಇಂಥ ಯಂತ್ರಗಳನ್ನು ಕ್ಯಾಟಲಾಗ್ ಮೂಲಕವೇ ಮಾರತೊಡಗಿತು. ಆಗ ಜನರಿಗೆ ಹೆಚ್ಚು ಮೆಚ್ಚುಗೆಯಾದದ್ದು ಒರಟು ಕಲ್ಲಿನಂತೆ ಕಾಣುವ ಮುಖದ ಬ್ಲಾಕ್.

1917ರಲ್ಲಿ ಫ್ರಾನ್ಸಿಸ್ ಸ್ಟ್ರಾಬ್ ಕಲ್ಲಿದ್ದಲು ಉರಿದು ಉಳಿದ ಕಿಟ್ಟವನ್ನು ಬೆರೆಸಿದ ಬ್ಲಾಕಿಗೆ ಪೇಟೆಂಟ್ ಪಡೆದರು. ಅದು ಹಗುರವಾಗಿತ್ತು, ಮೊಳೆಯೂ ಇಳಿಯುತ್ತಿತ್ತು. ತ್ಯಾಜ್ಯದಿಂದ ಗೋಡೆ ಕಟ್ಟುವ ಇಂದಿನ ಹೆಗ್ಗಳಿಕೆಗೆ ಶತಮಾನ ದಾಟಿದೆ.

ಸಾರ್ವಜನಿಕ ಕಟ್ಟಡಗಳ ಮಟ್ಟಿಗೆ ದೊಡ್ಡ ತಿರುವು ಬಂದದ್ದು ಭೂಕಂಪದಿಂದ. 1933ರ ಮಾರ್ಚ್ 10ರ ಸಂಜೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಡುಗಿದಾಗ ಉಕ್ಕಿನ ಬಲವಿಲ್ಲದ ಇಟ್ಟಿಗೆಯ ಶಾಲೆಗಳು ಕುಸಿದವು. ತರಗತಿಗಳು ಮುಗಿದಿದ್ದವು, ಇಲ್ಲದಿದ್ದರೆ ಎಷ್ಟು ಮಕ್ಕಳು ಅಡಿಯಲ್ಲಿ ಸಿಲುಕುತ್ತಿದ್ದರೆಂದು ಊಹಿಸಲೂ ಭಯವಾಗುತ್ತದೆ. ಒಂದೇ ತಿಂಗಳಲ್ಲಿ ಫೀಲ್ಡ್ ಕಾಯ್ದೆ ಬಂದು, ಸರ್ಕಾರಿ ಶಾಲೆಗಳ ವಿನ್ಯಾಸ ಮತ್ತು ನಿರ್ಮಾಣಕ್ಕೆ ಬಿಗಿ ತಪಾಸಣೆ ಶುರುವಾಯಿತು. ಮುಂದೆ ಬಲವರ್ಧಿತ ಕಟ್ಟಡಗಳಲ್ಲಿ ಬ್ಲಾಕಿನ ಟೊಳ್ಳೇ ಅದರ ದೊಡ್ಡ ಗುಣವಾಯಿತು. ಅದರೊಳಗೆ ಸರಳು ಇಳಿಸಿ ತೆಳು ಕಾಂಕ್ರೀಟ್ ಸುರಿದರೆ ಗೋಡೆಯೇ ಕಟ್ಟಡದ ಭಾರ ಹೊರುತ್ತದೆ, ಪ್ರತ್ಯೇಕ ಕಂಬಗಳು ಬೇಕಾಗುವುದಿಲ್ಲ.

ಬ್ಲಾಕನ್ನು ಮುಚ್ಚದೆ ಬಿಡುವ ಧೈರ್ಯ ತೋರಿದವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಪ್ರಮುಖರು. 1955ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ಬಳಿ ಸಮುದಾಯದ ಈಜುಕೊಳಕ್ಕೆ ಅವರು ಕಟ್ಟಿದ ಸ್ನಾನಗೃಹದಲ್ಲಿ ಇರುವುದು ಬರೀ ಬ್ಲಾಕಿನ ಗೋಡೆ, ಮೇಲೆ ಮರದ ಪಿರಮಿಡ್ ಚಾವಣಿ. ಡಚ್ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ ನೆದರ್ಲೆಂಡ್ಸ್‌ನ ಆಪಲ್‌ಡೋರ್ನ್‌ನಲ್ಲಿ 1972ರಲ್ಲಿ ಮುಗಿಸಿದ ಸೆಂಟ್ರಾಲ್ ಬೆಹೀರ್ ವಿಮಾ ಕಂಪನಿಯ ಕಚೇರಿಯಲ್ಲೂ ಬ್ಲಾಕನ್ನು ಬಯಲಾಗಿಯೇ ಬಿಡಲಾಗಿತ್ತು; ಅದನ್ನು ತಮಗೆ ಬೇಕಾದಂತೆ ಅಲಂಕರಿಸಿಕೊಳ್ಳುವುದು ಅಲ್ಲಿನ ಸಿಬ್ಬಂದಿಗೆ ಬಿಟ್ಟ ವಿಷಯವಾಗಿತ್ತು.

ಪರಿಸರದ ಲೆಕ್ಕ ಬಂದದ್ದು ಆಮೇಲೆ, ಆ ಲೆಕ್ಕ ಕಠಿಣವಾದದ್ದು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 8ರಷ್ಟು ಸಿಮೆಂಟಿನದು. ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನ ಗೂಡಿಗೆ ಬೇಕಾಗುವ ಇಂಧನ ಅದರ ಒಂದು ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು ಸುಣ್ಣಕಲ್ಲು ಸುಡುವಾಗ ಆ ಕಲ್ಲಿನಿಂದಲೇ ಹೊರಡುತ್ತದೆ. ಹಾಗಾಗಿ ಬ್ಲಾಕನ್ನು ಸುಮ್ಮನೆ ‘ಹಸಿರು ಸಾಮಗ್ರಿ’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಗೋಡೆ ಭಾರ ಹೊತ್ತು, ಬೆಂಕಿಯನ್ನೂ ಸದ್ದನ್ನೂ ತಡೆದು, ಮೇಲೆ ಗಾರೆಯ ಲೇಪವಿಲ್ಲದೆ ನಿಂತು, ದಶಕಗಳ ಕಾಲ ಬಾಳಿದರೆ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಹಗಲು ಬಿಸಿ, ರಾತ್ರಿ ತಂಪಿರುವ ಕಡೆ ಅದರ ತೂಕವೂ ನೆರವಾಗುತ್ತದೆ. ಹಗಲಿನ ಶಾಖವನ್ನು ಹೀರಿಕೊಂಡ ಗೋಡೆ ರಾತ್ರಿಯ ಗಾಳಿಗೆ ಅದನ್ನು ಬಿಟ್ಟುಕೊಡುತ್ತದೆ. ಹೊರಗಡೆ ಶಾಖನಿರೋಧಕ ಪದರವಿಲ್ಲದಿದ್ದರೆ ಈ ಲಾಭ ಬಹಳಷ್ಟು ಸೋರಿಹೋಗುತ್ತದೆ.

ಉಳಿತಾಯ ಆರಂಭವಾಗುವುದು ನಕ್ಷೆಯಲ್ಲಿ. ಬಹಳ ಕಡೆ ಬಳಸುವ ಬ್ಲಾಕ್ 390 ಮಿ.ಮೀ. ಉದ್ದ, 190 ಮಿ.ಮೀ. ಎತ್ತರ, 10 ಮಿ.ಮೀ. ಗಾರೆಯ ಸಂದು ಸೇರಿದರೆ 400 ಮತ್ತು 200. ಗೋಡೆ, ಕಿಟಕಿ, ಬಾಗಿಲುಗಳ ಅಳತೆ 200ರ ಗುಣಕದಲ್ಲಿದ್ದರೆ ಕತ್ತರಿಸುವ ಕೆಲಸ ಬಹುತೇಕ ಇರುವುದಿಲ್ಲ. ಕಿಟಕಿ 70 ಮಿ.ಮೀ. ಸರಿದರೂ ಪ್ರತಿ ವರಸೆಯಲ್ಲೂ ಬ್ಲಾಕ್ ಕತ್ತರಿಸಬೇಕು, ತುಂಡುಗಳು ಕಸಕ್ಕೆ ಹೋಗುತ್ತವೆ.

ಇನ್ನೊಂದು ಉಳಿತಾಯ ಮಿಶ್ರಣದಲ್ಲಿದೆ. ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಹಾರುಬೂದಿ ಅಥವಾ ಕಬ್ಬಿಣದ ಊದುಕುಲುಮೆಯ ಕಿಟ್ಟ ಹಾಕುವುದು ಈಗ ಸಾಮಾನ್ಯ. ಆದರೆ ಕಲ್ಲಿದ್ದಲಿನ ಸ್ಥಾವರಗಳು ಮುಚ್ಚಿದಂತೆ ಹಾರುಬೂದಿಯೂ ಕಡಿಮೆಯಾಗುತ್ತದೆ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸಿದ ಸಿಮೆಂಟಿನತ್ತ ಎಲ್ಲರೂ ನೋಡುತ್ತಿರುವುದು ಅದಕ್ಕೇ. ಬೂದಿ, ಕಿಟ್ಟದ ಮಿಶ್ರಣಗಳು ನಿಧಾನವಾಗಿ ಗಟ್ಟಿಯಾಗುತ್ತವೆ, ಟೆಂಡರ್ ದಾಖಲೆಗಳು ಮಾತ್ರ ರೂಢಿಯಂತೆ 28 ದಿನದ ಬಲವನ್ನೇ, ಅಂದರೆ ತಯಾರಾಗಿ 28 ದಿನಕ್ಕೆ ಬರಬೇಕಾದ ಬಲವನ್ನೇ, ಕೇಳುತ್ತವೆ. ಭಾರ ಬೀಳಲು ತಿಂಗಳುಗಳು ಹಿಡಿಯುವ ಗೋಡೆಗಳಿಗೆ 56 ದಿನದ ಬಲ ಸಾಕೆಂದು ಟೆಂಡರ್ ಕರೆಯುವವರು ಬರೆದರೆ, ತಯಾರಕರು ಸಿಮೆಂಟನ್ನು ಇನ್ನಷ್ಟು ಇಳಿಸಬಹುದು.