ಫೋಕಸ್ ಬಿಂದು ನೋಡುವುದು ಲೆನ್ಸಿನ ಅಂಚನ್ನು

ಲಾಲ್‌ಬಾಗ್ ಕೆರೆಯ ದಡದಲ್ಲಿ ಬೆಳಗಿನ ಹೊತ್ತು ಹಕ್ಕಿಗಳ ಚಿತ್ರ ತೆಗೆಯುವವರ ನಡುವೆ ಒಂದು ದೂರು ಆಗಾಗ ಕಿವಿಗೆ ಬೀಳುತ್ತದೆ. ಎಫ್ 5.6ರ 400 ಮಿಲಿಮೀಟರ್ ಲೆನ್ಸಿಗೆ 1.4 ಪಟ್ಟಿನ ಟೆಲಿಕನ್ವರ್ಟರ್ (ಬಿಂಬವನ್ನು ಹಿಗ್ಗಿಸುವ ಜೋಡುಗಾಜು) ಸಿಕ್ಕಿಸಿದ ಕೂಡಲೇ ಒಳಗೆ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಕೈಕೊಡುತ್ತದೆ. ಎದುರಿನ ನೀರುಕಾಗೆ ವ್ಯೂಫೈಂಡರಿನಲ್ಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಲೆನ್ಸ್ ಮಾತ್ರ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ, ಇಲ್ಲವೇ ಕದಲುವುದೇ ಇಲ್ಲ. ಕನ್ವರ್ಟರ್ ಕೆಟ್ಟಿರಬೇಕು ಎಂದು ಹಲವರು ಅನುಮಾನಿಸುತ್ತಾರೆ. ಅದು ಕೆಟ್ಟಿರುವುದಿಲ್ಲ, ಚೌಕಟ್ಟಿನಲ್ಲಿ ಫೋಕಸ್ ಅಳೆಯುವ ಜಾಗವಾದ ಫೋಕಸ್ ಬಿಂದುವಿಗೆ ಬೆಳಕು ಬರುವ ದಾರಿ ಮುಚ್ಚಿಹೋಗಿರುತ್ತದೆ.

ಎಫ್ ಅಂಕಿ ಹೇಳುವುದು ಅಪರ್ಚರ್, ಎಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ತೆರಪು, ಎಷ್ಟು ಅಗಲ ಎಂಬುದನ್ನು; ಅಂಕಿ ದೊಡ್ಡದಾದಷ್ಟೂ ತೆರಪು ಕಿರಿದು. ಮೊದಲು ಒಂದು ಗೊಂದಲ ಬಗೆಹರಿಸೋಣ. ಡಿಎಸ್‌ಎಲ್‌ಆರ್‌ನಲ್ಲಿ ನೀವು ಎಫ್ 11 ಎಂದು ಹೊಂದಿಸಿದ್ದರೂ ಫೋಕಸ್ ಮಾಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಅಪರ್ಚರ್ ಕಿರಿದಾಗುವುದು ಚಿತ್ರ ಮೂಡುವ ಕ್ಷಣದಲ್ಲಿ ಮಾತ್ರ. ಆದ್ದರಿಂದ ಆಟೋಫೋಕಸ್‌ಗೆ ಲೆಕ್ಕಕ್ಕೆ ಬರುವುದು ಲೆನ್ಸಿನ ಮೈಮೇಲೆ ಬರೆದಿರುವ ಅತಿ ದೊಡ್ಡ ಅಪರ್ಚರ್, ನಾವು ಆರಿಸಿದ್ದಲ್ಲ.

ಡಿಎಸ್‌ಎಲ್‌ಆರ್‌ನ ಮುಖ್ಯ ಕನ್ನಡಿ ಸ್ವಲ್ಪ ಬೆಳಕನ್ನು ತನ್ನ ಮೂಲಕ ಹಾಯಲು ಬಿಡುತ್ತದೆ. ಹಿಂದಿರುವ ಪುಟ್ಟ ಕನ್ನಡಿಯೊಂದು ಆ ಬೆಳಕನ್ನು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಘಟಕಕ್ಕೆ ತಿರುಗಿಸುತ್ತದೆ. ಅಲ್ಲಿ ಪ್ರತಿಯೊಂದು ಬಿಂದುವೂ ಲೆನ್ಸಿನ ಎದುರುಬದುರಾದ ಎರಡು ನಿರ್ದಿಷ್ಟ ಕಿಂಡಿಗಳ, ಎಂದರೆ ಗಾಜಿನ ಎರಡು ಪುಟ್ಟ ಭಾಗಗಳ, ಮೂಲಕ ಬಂದ ಬೆಳಕನ್ನಷ್ಟೇ ಆರಿಸಿಕೊಂಡು, ಎರಡು ಬಿಂಬಗಳನ್ನು ಸೆನ್ಸರ್‌ ಗೆರೆಗಳ ಮೇಲೆ ಬೀಳಿಸಿ ಹೋಲಿಸುತ್ತದೆ. ಫೋಕಸ್ ಸರಿಯಾಗಿದ್ದರೆ ಅವುಗಳ ನಡುವೆ ನಿಗದಿತ ಅಂತರವಿರುತ್ತದೆ. ತಪ್ಪಿದ್ದರೆ ಅಂತರ ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ. ಯಾವ ಕಡೆಗೆ, ಎಷ್ಟು ತಪ್ಪಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವುದೂ ಹೀಗೆಯೇ: ಕಣ್ಣುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಅಂದಾಜು ನಿಖರ.

ಅಪರ್ಚರ್ ಮುಖ್ಯವಾಗುವುದು ಇಲ್ಲಿಯೇ. ಫೋಕಸ್ 0.1 ಮಿಲಿಮೀಟರಿನಷ್ಟು ತಪ್ಪಿದೆ ಎಂದುಕೊಳ್ಳಿ. ಎಫ್ 2.8 ವೃತ್ತದ ಎರಡು ಅಂಚುಗಳಿಂದ ಬಂದ ಕಿರಣಗಳು ಸುಮಾರು 36 ಮೈಕ್ರೋಮೀಟರ್ ಅಂತರದಲ್ಲಿ ಬೀಳುತ್ತವೆ. ಎಫ್ 5.6 ವೃತ್ತದ ಅಂಚಿನವು 18 ಮೈಕ್ರೋಮೀಟರ್ ಅಂತರದಲ್ಲಿ. ತಪ್ಪು ಒಂದೇ, ಅದರ ಗುರುತು ಎರಡು ಪಟ್ಟು ದೊಡ್ಡದು. ಎಫ್ 2.8 ಬಿಂದುಗಳು, ಎಂದರೆ ಕಿಂಡಿಗಳು ಈ ದೊಡ್ಡ ವೃತ್ತದ ಅಂಚಿನಲ್ಲಿರುವ ಬಿಂದುಗಳು, ಹೆಚ್ಚು ಕರಾರುವಾಕ್ಕಾಗಿ ಕೆಲಸ ಮಾಡುವುದಕ್ಕೆ ಇದೇ ಕಾರಣ. 2012ರ ಕ್ಯಾನನ್ 5ಡಿ ಮಾರ್ಕ್ 3ರಲ್ಲಿ 61 ಬಿಂದುಗಳಿದ್ದರೂ ಇಂಥ ವಿಶೇಷ ನಿಖರತೆಯವು ಮಧ್ಯದ ಲಂಬ ಸಾಲಿನ 5 ಮಾತ್ರ. ಎಫ್ 4 ಲೆನ್ಸ್ ಹಾಕಿದರೆ ಆ ಐದಕ್ಕೂ ಹೊರಗಿನ ಕಿಂಡಿಗಳು ಕಾಣುವುದಿಲ್ಲ; ಒಳಗಿನ ಎಫ್ 5.6 ಜೋಡಿಯ ಮೇಲೆಯೇ ಅವು ಕೆಲಸ ಸಾಗಿಸುತ್ತವೆ.

ಎಫ್ 1.4 ಲೆನ್ಸ್ ಕೊಂಡವರಿಗೆ ಅಚ್ಚರಿಯಾಗುವ ಸಂಗತಿ ಇನ್ನೊಂದಿದೆ. ಎಫ್ 2.8 ಬಿಂದುವಿನ ಕಿಂಡಿಗಳ ಜಾಗ ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ. ಅದರಾಚೆಗಿನ ಅಂಚಿನಿಂದ ಎಷ್ಟೇ ಬೆಳಕು ಸುರಿದರೂ ಬಿಂದು ಅದನ್ನು ಬಳಸುವುದಿಲ್ಲ. ಚಿತ್ರ ಮೂಡುವುದಾದರೋ ಅಂಚಿನ ಬೆಳಕೂ ಸೇರಿ. ಗಾಜಿನ ಅಂಚಿನ ಕಿರಣಗಳು ನಡುವಿನ ಕಿರಣಗಳಿಗಿಂತ ತುಸು ಬೇರೆ ಕಡೆ ಸಂಧಿಸುವುದರಿಂದ, ಬಿಂದು ಸರಿ ಎಂದರೂ ಮದುಮಗಳ ಕಣ್ಣು ಮಸುಕಾಗಿ, ಕಿವಿಯೋಲೆ ಚೂಪಾಗಿ ಬರಬಹುದು. ಅನೇಕ ಕ್ಯಾಮೆರಾಗಳಲ್ಲಿ ಪ್ರತಿ ಲೆನ್ಸಿಗೂ ಫೋಕಸ್ ತಿದ್ದುವ ಸೌಲಭ್ಯ ಇರುವುದು ಇಂಥ ವ್ಯತ್ಯಾಸಗಳನ್ನು ಸರಿಪಡಿಸಲು. ಮದುವೆ ಛಾಯಾಗ್ರಾಹಕರು ಅದನ್ನು ಖಂಡಿತ ಕಲಿಯಬೇಕು.

ಈಗ ಟೆಲಿಕನ್ವರ್ಟರ್. 1.4 ಪಟ್ಟಿನದು ಬೆಳಕನ್ನು ಅರ್ಧಕ್ಕೆ ಇಳಿಸಿ ಎಫ್ 5.6 ಅನ್ನು ಎಫ್ 8 ಮಾಡುತ್ತದೆ. ಬೆಳಕಿನ ಕೋನ ಕಿರಿದಾಗಿ, ಎಫ್ 5.6 ಬಿಂದು ನೋಡುವ ಎರಡೂ ಕಿಂಡಿಗಳು ಬಹುಪಾಲು ಕತ್ತಲಾಗುತ್ತವೆ. ಅರೆಬರೆ ಬಿಂಬಗಳನ್ನು ನಂಬಲಾಗದೆ ಕ್ಯಾಮೆರಾ ಕೈಚೆಲ್ಲುತ್ತದೆ. ಎಫ್ 8ರಲ್ಲೂ ನಡೆಯುವ ಬಿಂದುಗಳಿವೆ, ಆದರೆ ಕೆಲವೇ. 5ಡಿ ಮಾರ್ಕ್ 3ಕ್ಕೆ 2013ರಲ್ಲಿ ಬಂದ ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಆ ಸಾಮರ್ಥ್ಯ ಕೊಟ್ಟದ್ದು ನಟ್ಟನಡುವಿನ ಬಿಂದುವಿಗೆ. ನಿಕಾನ್ ಡಿ500ರ 153 ಬಿಂದುಗಳಲ್ಲಿ ಎಫ್ 8ಕ್ಕೆ ಒಗ್ಗುವವು 15. ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಹದ್ದೊಂದು ಚೌಕಟ್ಟಿನ ಮೂಲೆಗೆ ಸರಿದರೆ, 153 ಎಂಬ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಕ್ಯಾಮೆರಾ ಕೊಳ್ಳುವಾಗ ಬಿಂದುಗಳೆಷ್ಟು ಎಂದು ಕೇಳುವ ಮೊದಲು, ನಿಮ್ಮ ಲೆನ್ಸಿನ ಜೊತೆ ಎಷ್ಟು ಕೆಲಸ ಮಾಡುತ್ತವೆ ಎಂದು ಕೇಳಿ.

ಬಿಂದುವಿನ ದಿಕ್ಕೂ ಮುಖ್ಯ. ವಿಧಾನಸೌಧದ ಎದುರು ನಿಂತು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಅಡ್ಡಕ್ಕೆ ಮಲಗಿರುವ ಸೆನ್ಸರ್ ಗೆರೆಗೆ ಕಲ್ಲಿನ ಕಂಬಗಳ ನೇರ ಅಂಚುಗಳು ಚೆನ್ನಾಗಿ ಸಿಗುತ್ತವೆ, ಕೆಳಗಿನ ಮೆಟ್ಟಿಲುಗಳ ಅಡ್ಡಗೆರೆಗಳು ಸಿಗುವುದೇ ಇಲ್ಲ. ಕ್ಯಾಮೆರಾವನ್ನು ತುಸು ಓರೆ ಮಾಡಿದರೆ ಮೆಟ್ಟಿಲೂ ಸಿಗುತ್ತದೆ. ಕ್ರಾಸ್ ಬಿಂದುಗಳಲ್ಲಿ ಎರಡೂ ದಿಕ್ಕಿನ ಗೆರೆಗಳಿರುವುದರಿಂದ ಈ ಕಸರತ್ತು ಬೇಕಿಲ್ಲ.

ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೂ ಇಲ್ಲ, ತಳದ ಘಟಕವೂ ಇಲ್ಲ. ಚಿತ್ರ ಮೂಡುವ ಸೆನ್ಸರಿನ ಪಿಕ್ಸೆಲ್‌ಗಳೇ ಲೆನ್ಸಿನ ಎಡ ಬಲ ಭಾಗಗಳನ್ನು ಬೇರೆಬೇರೆಯಾಗಿ ನೋಡುತ್ತವೆ. ಕ್ಯಾನನ್ 2013ರಲ್ಲಿ 70ಡಿ ಎಂಬ ಡಿಎಸ್‌ಎಲ್‌ಆರ್‌ನ ಸೆನ್ಸರಿನಲ್ಲಿ ತಂದ ಡ್ಯುಯಲ್ ಪಿಕ್ಸೆಲ್ ತಂತ್ರ ಈ ಬಗೆಯದು. ಕಿಂಡಿಗಳು ಅಂಚಿಗೆ ಅಂಟಿಕೊಂಡಿಲ್ಲದ ಕಾರಣ ಕಿರಿದಾದ ಅಪರ್ಚರ್‌ನಲ್ಲೂ ಅದು ನಡೆಯುತ್ತದೆ. 2020ರಲ್ಲಿ ಕ್ಯಾನನ್ ಎಫ್ 11ರ 600 ಮತ್ತು 800 ಮಿಲಿಮೀಟರ್ ಲೆನ್ಸ್‌ಗಳನ್ನೇ ಮಾರುಕಟ್ಟೆಗೆ ಬಿಟ್ಟಿತು. ಡಿಎಸ್‌ಎಲ್‌ಆರ್ ಕಾಲದಲ್ಲಿ ಇದು ಯೋಚಿಸಲೂ ಆಗದ ಮಾತು. ಆದರೂ ಕ್ಯಾನನ್‌ನದೇ ಮಿರರ್‌ಲೆಸ್ ಆರ್5, ಆರ್6 ಕ್ಯಾಮೆರಾಗಳಲ್ಲಿ ಈ ಲೆನ್ಸ್‌ಗಳ ಆಟೋಫೋಕಸ್ ಚೌಕಟ್ಟಿನ ನಡುಭಾಗಕ್ಕೇ ಸೀಮಿತ. ಎಫ್ 2.8ಕ್ಕೆ ಹೋಲಿಸಿದರೆ ಎಫ್ 11ರಲ್ಲಿ ಸೆನ್ಸರಿಗೆ ತಲುಪುವುದು ಹದಿನಾರನೆಯ ಒಂದು ಪಾಲು ಬೆಳಕು. ಕಬ್ಬನ್ ಪಾರ್ಕಿನ ಬಿದಿರುಮೆಳೆಯ ನೆರಳಿನಲ್ಲಿ ಹಾಲಕ್ಕಿ ಕೂತಿದ್ದರೆ ಅದರ ಮೈಯ ಚುಕ್ಕೆಗಳ ಅಂಚಿಗೆ ಗುರಿಯಿಡಿ. ಅಷ್ಟು ಕಡಿಮೆ ಬೆಳಕಿನಲ್ಲಿ ಎರಡು ಬಿಂಬಗಳನ್ನು ಹೊಂದಿಸಿ ನೋಡಲು ಕ್ಯಾಮೆರಾಕ್ಕೆ ಕಂದು ಬಿಳುಪಿನ ಆ ಗೆರೆಯಷ್ಟು ಸಹಾಯ ಮಾಡುವಂಥದ್ದು ಬೇರೆ ಇಲ್ಲ.