ಫೋನಿನಲ್ಲಿ ಹಾಡಿಕೆ, ಹಳಗನ್ನಡ, ಜರ್ಮನ್: ಯಾವುದು ಬರುತ್ತದೆ, ಯಾವುದಕ್ಕೆ ದುಡ್ಡು ಕೊಡಬೇಕು?

ಪ್ರಶ್ನೆ: ನನಗೆ 47 ವರ್ಷ. ಬಾಗಲಕೋಟೆಯ ನವನಗರದಲ್ಲಿ ಇದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಸ್ವಲ್ಪ ದಿನ ಪೇಟಿ (ಹಾರ್ಮೋನಿಯಂ) ಹಿಡಿದು ಹಾಡಿಕೆ ಕಲಿತಿದ್ದೆ. ಮದುವೆಯಾದ ಮೇಲೆ ಬಿಟ್ಟುಹೋಯಿತು. ಈಗ ಸಂಜೆ ಹೊತ್ತು ಬಿಡುವು ಸಿಗುತ್ತದೆ. ಫೋನಿನಲ್ಲಿ ದಿನಾ ಮೂರು ಜಾಹೀರಾತು ಬರುತ್ತಿವೆ. ಒಂದು, 21 ದಿನದಲ್ಲಿ ಜರ್ಮನ್. ಎಲ್ಲವೂ ವಿಡಿಯೊ, ಒಮ್ಮೆ ದುಡ್ಡು ಕಟ್ಟಿದರೆ ಯಾವಾಗ ಬೇಕಾದರೂ ನೋಡಬಹುದಂತೆ. ಎರಡನೆಯದು, ಎಂಟು ಭಾನುವಾರದ ಹಳಗನ್ನಡ ಓದು, 15 ಜನರ ಗುಂಪು. ಮೂರನೆಯದು, ವಾರಕ್ಕೊಂದು ಹಿಂದೂಸ್ತಾನಿ ಹಾಡಿಕೆಯ ಕ್ಲಾಸು, ಗುರುಗಳು ಒಬ್ಬೊಬ್ಬರಿಗೇ ಹೇಳಿಕೊಡುತ್ತಾರಂತೆ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ, ಅದಕ್ಕೇ ಜರ್ಮನ್ ಆಸೆ. ಇವೆಲ್ಲ ಫೋನಿನಲ್ಲಿ ನಿಜವಾಗಿಯೂ ಬರುತ್ತವಾ? ಯಾವುದಕ್ಕೆ ದುಡ್ಡು ಕೊಡಲಿ?

ಉತ್ತರ: ಇದೇ ಪ್ರಶ್ನೆಯನ್ನು ಬೆಳಗಾವಿ, ವಿಜಯಪುರದ ಕಡೆಯವರೂ ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಬರುತ್ತವೆ. ನಲವತ್ತೇಳು ತಡವಾದ ವಯಸ್ಸೂ ಅಲ್ಲ. ಆದರೆ ದುಡ್ಡು ಕಟ್ಟುವ ಮುಂಚೆ ಒಂದೇ ಒಂದು ವಿಷಯ ಕೇಳಿಕೊಳ್ಳಿ: ನಾನು ಹಾಡಿದ್ದನ್ನು, ಓದಿದ್ದನ್ನು, ಮಾತಾಡಿದ್ದನ್ನು ಅಲ್ಲಿ ಯಾರಾದರೂ ಕೇಳಿ ತಿದ್ದುತ್ತಾರಾ? ರೊಟ್ಟಿ ಬಡಿಯುವ ವಿಡಿಯೊ ಎಷ್ಟು ನೋಡಿದರೂ ಅಂಚು ದಪ್ಪ ಆಗಿದೆ ಅಂತ ನಮಗೆ ಹೇಳಲು ಪಕ್ಕದಲ್ಲಿ ಒಬ್ಬರು ಬೇಕು. ಪಾಠ ಈಗ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ತಿದ್ದುವವರು ಸಿಗುವುದೇ ಕಷ್ಟ. ದುಡ್ಡು ಕೊಡುವುದಿದ್ದರೆ ಅದಕ್ಕೆ ಕೊಡಿ.

ಮೊದಲು ಹಾಡಿಕೆ. ನಿಮ್ಮ ಮನಸ್ಸು ಇರುವುದೂ ಅಲ್ಲೇ ಅಂತ ಕಾಣುತ್ತದೆ.

ಗುರುಗಳು ಎದುರಿಗೆ ಇಲ್ಲದೆ ಕೇಳಿ ಕಲಿಯುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠ ಎಂಬ ಹುಡುಗ ಗ್ರಾಮಫೋನ್ ರೆಕಾರ್ಡು ಕೇಳಿ ದೊಡ್ಡ ದೊಡ್ಡ ಗಾಯಕರ ಹಾಡನ್ನು ಹಾಗೇ ಹಾಡುತ್ತಿದ್ದ. ಅವನೇ ಮುಂದೆ ಹೆಸರಾಂತ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ. ಅಂಥ ಕಿವಿ ಇದ್ದವರೂ ರೆಕಾರ್ಡಿಗೇ ನಿಲ್ಲಲಿಲ್ಲ, ಮುಂಬೈಗೆ ಹೋಗಿ ಬಿ. ಆರ್. ದೇವಧರರ ಹತ್ತಿರ ಕೂತು ಕಲಿತರು. ನಮ್ಮಂಥವರಿಗಂತೂ ಕೇಳಿ ತಿದ್ದುವವರು ಬೇಕೇ ಬೇಕು, ಅಲ್ವಾ?

ಹಾಗಾಗಿ ಒಬ್ಬೊಬ್ಬರಿಗೇ ಹೇಳಿಕೊಡುವ ಕ್ಲಾಸು ಅಂದರೆ ಒಳ್ಳೆಯದೇ. ಆದರೆ ಆನ್‌ಲೈನ್ ಹಾಡಿಕೆಯಲ್ಲಿ ಎರಡು ತೊಡಕು ಇವೆ. ಎರಡೂ ಗೊತ್ತಿಲ್ಲದೆ ಎಷ್ಟೋ ಜನ ಎರಡನೇ ತಿಂಗಳಿಗೇ ‘ನನ್ನ ಕಂಠ ಸರಿಯಿಲ್ಲ’ ಅಂತ ಬಿಟ್ಟುಬಿಡುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಪ್ಪು ಕಂಠದ್ದಲ್ಲ.

ಮೊದಲನೆಯದು ತಡ. ನೀವು ಹಾಡಿದ್ದು ಗುರುಗಳನ್ನು ಮುಟ್ಟಲು ಸ್ವಲ್ಪ ಹೊತ್ತು ಬೇಕು, ಅವರ ದನಿ ನಿಮಗೆ ಬರಲೂ ಅಷ್ಟೇ. ಒಂದು ಕಡೆಗೆ ಸೆಕೆಂಡಿನ ಕಾಲು ಭಾಗ ಅಂತ ಇಟ್ಟುಕೊಳ್ಳಿ. ಮಾತಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಈಗ ಗುರುಗಳು ತಮ್ಮ ಮನೆಯಲ್ಲಿ ತೀನ್‌ತಾಲದ ಠೇಕಾ (ತಾಳ ತೋರಿಸುವ ತಬಲಾ ನುಡಿತ) ಹಚ್ಚುತ್ತಾರೆ, ಮಧ್ಯ ಲಯ, ನಿಮಿಷಕ್ಕೆ 120 ಮಾತ್ರೆ (ತಾಳದ ಎಣಿಕೆ). ಒಂದು ಮಾತ್ರೆಗೆ ಅರ್ಧ ಸೆಕೆಂಡು. ಠೇಕಾ ನಿಮಗೆ ಕಾಲು ಸೆಕೆಂಡು ತಡವಾಗಿ ಕೇಳುತ್ತದೆ. ನೀವು ಸರಿಯಾಗಿ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುತ್ತೀರಿ. ಅದು ವಾಪಸ್ ಹೋಗಲು ಇನ್ನೊಂದು ಕಾಲು ಸೆಕೆಂಡು. ಗುರುಗಳ ಕಿವಿಗೆ ನಿಮ್ಮ ಸಮ್ ಬಿದ್ದದ್ದು ಎರಡನೇ ಮಾತ್ರೆಯ ಮೇಲೆ! ಅವರು ‘ಲಯ ಬಿಟ್ಟಿರಿ’ ಅನ್ನುತ್ತಾರೆ, ನಿಮಗೆ ಎಲ್ಲಿ ಬಿಟ್ಟೆ ಅಂತ ತಿಳಿಯುವುದಿಲ್ಲ. ಕೂಡಿ ನುಡಿಸುವವರಿಗೆ ಸೆಕೆಂಡಿನ ಸಾವಿರ ಭಾಗದಲ್ಲಿ 25-30ಕ್ಕಿಂತ ಜಾಸ್ತಿ ತಡವಾದರೂ ಒಬ್ಬರನ್ನೊಬ್ಬರು ಹಿಡಿಯುವುದು ಕಷ್ಟವಾಗುತ್ತದೆ. ಸಾಮಾನ್ಯ ವಿಡಿಯೊ ಕಾಲ್‌ನಲ್ಲಿ ಆ ಮಟ್ಟ ಸಿಗುವುದಿಲ್ಲ.

ದಾರಿ ಸರಳ ಇದೆ. ತಬಲಾ, ತಂಬೂರಿ ಎರಡೂ ನಿಮ್ಮ ಕಡೆ ಇರಬೇಕು. ಮನೆಯಲ್ಲಿ ಇನ್ನೊಂದು ಫೋನ್ ಇದ್ದರೆ ಅದರಲ್ಲಿ ತಬಲಾ-ತಂಬೂರಿ ಆ್ಯಪ್ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಆಗ ಠೇಕಾ, ನಿಮ್ಮ ಹಾಡು ಎರಡೂ ಒಟ್ಟಿಗೇ ಹೊರಟು ಒಟ್ಟಿಗೇ ತಡವಾಗಿ ಮುಟ್ಟುತ್ತವೆ. ಗುರುಗಳಿಗೆ ಲಯ ಸರಿಯಾಗಿ ಕೇಳುತ್ತದೆ. ಅವರು ಹಾಡುವಾಗ ನೀವು ಸುಮ್ನೆ ಕೇಳಬೇಕು, ನೀವು ಹಾಡುವಾಗ ಅವರು ಕೇಳಬೇಕು. ಜೊತೆಗೆ ಹಾಡುವುದು ಮಾತ್ರ ಆಗುವುದಿಲ್ಲ. ಈ ತಡದಿಂದ ನಿಜವಾಗಿ ಕಳೆದುಕೊಳ್ಳುವುದು ಅದೊಂದನ್ನೇ. ಅದು ಸಣ್ಣ ನಷ್ಟ ಅಂತ ನಾನು ಹೇಳುವುದಿಲ್ಲ. ಗುರುಗಳ ದನಿಯ ಜೊತೆ ನಮ್ಮ ದನಿ ಸೇರಿಸಿ ಹಾಡಿದಾಗ ಬರುವ ಧೈರ್ಯವೇ ಬೇರೆ.

ಎರಡನೆಯ ತೊಡಕು ಇನ್ನೂ ವಿಚಿತ್ರ. ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರರು ಒಬ್ಬರು ಹೀಗೇ ಕಲಿಯಲು ಶುರು ಮಾಡಿದರು. ಅವರು ಎದೆ ತುಂಬಿ ಷಡ್ಜ (‘ಸಾ’ ಸ್ವರ) ಹಿಡಿದರೆ ಆ ಕಡೆ ಗುರುಗಳಿಗೆ ‘ಸಾ... ಆ... ಆ’ ಅಂತ ತುಂಡು ತುಂಡಾಗಿ ಕೇಳುತ್ತಿತ್ತು. ‘ಉಸಿರು ಸಾಲುತ್ತಿಲ್ಲ ಸರ್’ ಅಂತ ಗುರುಗಳದು ಪ್ರತಿ ವಾರ ಅದೇ ಮಾತು. ಪಕ್ಕದಲ್ಲಿ ಕೂತ ನನಗೆ ಷಡ್ಜ ಎಣ್ಣೆಧಾರೆಯ ಹಾಗೆ ಕೇಳುತ್ತಿತ್ತು! ಆದದ್ದು ಏನೆಂದರೆ, ವಿಡಿಯೊ ಕಾಲ್ ಆ್ಯಪ್‌ಗಳನ್ನು ಮಾಡಿರುವುದು ಮಾತಿಗೆ. ಮಾತು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಫ್ಯಾನಿನ ಸದ್ದು ಒಂದೇ ಸಮ ಇರುತ್ತದೆ. ಒಂದೇ ಸಮ ಇರುವ ಸದ್ದು ಬಂದರೆ ಆ್ಯಪ್ ಅದನ್ನು ಗದ್ದಲ ಅಂದುಕೊಂಡು ಅಳಿಸುತ್ತದೆ. ತಂಬೂರಿ ಒಂದೇ ಸಮ, ಉದ್ದಕ್ಕೆ ಹಿಡಿದ ‘ಆ’ಕಾರವೂ ಒಂದೇ ಸಮ. ಎರಡನ್ನೂ ಕತ್ತರಿಸುತ್ತದೆ.

ಜೂಮ್‌ನಲ್ಲಿ ಇದಕ್ಕಾಗಿಯೇ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಬೇಕು. ಬೇರೆ ಆ್ಯಪ್‌ಗಳಲ್ಲಿ ‘ನಾಯ್ಸ್ ಕ್ಯಾನ್ಸಲೇಷನ್’ ಅಂತ ಇದ್ದರೆ ಆಫ್ ಮಾಡಬೇಕು. ಕಿವಿಗೆ ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್‌ನದು ತಾನೇ ಇನ್ನಷ್ಟು ತಡ ಸೇರಿಸುತ್ತದೆ, ಅದರ ಮೈಕ್ ಚಾಲೂ ಆದರೆ ದನಿಯ ಗುಣವೂ ಇಳಿಯುತ್ತದೆ. ಮಾಸ್ತರರ ಫೋನಿನಲ್ಲಿ ಆ ಒಂದು ಗುಂಡಿ ಒತ್ತಿದ ದಿನ ಗುರುಗಳು ಮೊದಲ ಸಲ ಪೂರ್ತಿ ಷಡ್ಜ ಕೇಳಿ, ‘ಇಷ್ಟು ದಿನ ಎಲ್ಲಿ ಇಟ್ಟಿದ್ದಿರಿ ಇದನ್ನ?’ ಅಂದರು.

ಒಂದು ಕ್ಲಾಸಿಗೂ ಇನ್ನೊಂದಕ್ಕೂ ನಡುವೆ ಒಮ್ಮೆ ರೆಕಾರ್ಡಿಂಗ್ ಕಳಿಸಿ ಅನ್ನುವ ಗುರುಗಳು ಸಿಕ್ಕರೆ ಬಿಡಬೇಡಿ. ರೆಕಾರ್ಡಿಂಗ್‌ನಲ್ಲಿ ತಡವೂ ಇಲ್ಲ, ಕತ್ತರಿಯೂ ಇಲ್ಲ. ಫೋನಿನ ರೆಕಾರ್ಡರ್‌ನಲ್ಲಿ ಹಾಡಿ, ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡದೆ ಡಾಕ್ಯುಮೆಂಟ್ ಆಗಿ ಕಳಿಸಿ, ದನಿ ಚೆನ್ನಾಗಿ ಮುಟ್ಟುತ್ತದೆ.

ಇಷ್ಟಾದರೂ ಕುತ್ತಿಗೆ ಬಿಗಿ ಹಿಡಿದು ಹಾಡುತ್ತಿದ್ದೀರಾ, ದವಡೆ ಸಡಿಲ ಇದೆಯಾ ಎಂಬುದು ಸಣ್ಣ ಪರದೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ವರ್ಷಕ್ಕೆ ಒಂದೆರಡು ಸಲವಾದರೂ ಗುರುಗಳ ಎದುರು ಕೂತು ಹಾಡಿ ಬನ್ನಿ. ತಬಲಾ ಕಲಿಯುವವರಿಗಂತೂ ಮೊದಲ ಕೆಲವು ತಿಂಗಳು ಊರಲ್ಲೇ ಯಾರಾದರೂ ಕೈ ಹಿಡಿದು ಕೂರಿಸುವುದು ಒಳ್ಳೆಯದು. ಕೈ ಒಮ್ಮೆ ತಪ್ಪಾಗಿ ಕೂತರೆ ಬಿಡಿಸಲು ಬಹಳ ಕಾಲ ಬೇಕು. ಇನ್ನು ತಂಬೂರಿ ವಾದ್ಯ. ಮಿರಜ್ ನಮಗೆ ಹತ್ತಿರ, ಅಲ್ಲಿನ ತಂಬೂರಿಗೆ ದೇಶದಲ್ಲೆಲ್ಲ ಹೆಸರು ಇದೆ ಅಂತ ಈಗಲೇ ಕೊಳ್ಳಲು ಹೋಗಬೇಡಿ. ಅದನ್ನು ಶ್ರುತಿ ಮಾಡುವುದೇ ಒಂದು ವಿದ್ಯೆ. ಸದ್ಯಕ್ಕೆ ಆ್ಯಪ್ ಸಾಕು.

ಹಳಗನ್ನಡಕ್ಕೆ ಬರೋಣ. ಮೂರರಲ್ಲಿ ಆನ್‌ಲೈನ್‌ಗೆ ತುಂಬಾ ಚೆನ್ನಾಗಿ ಹೊಂದುವುದು ಸಾಹಿತ್ಯದ ಓದು. ಕಾಲು ಸೆಕೆಂಡು ತಡವಾದರೆ ಇಲ್ಲಿ ಏನೂ ಕೆಡುವುದಿಲ್ಲ. ಪಠ್ಯಕ್ಕೂ ಕೊರತೆ ಇಲ್ಲ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಗ್ರಹ ಹೊರತಂದರು. ಆಮೇಲಿನ ಪುಸ್ತಕಗಳನ್ನು ಅಚ್ಚು ಮಾಡಲು ಹಿತಚಿಂತಕ ಅಂತ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಈಗ ವಚನಗಳು ಫೋನಿನಲ್ಲಿ ಹುಡುಕಿದರೆ ಸಿಗುತ್ತವೆ. ನಮಗೆ ಇಲ್ಲದಿರುವುದು ಕೂಡಿ ಓದುವವರು.

ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಹೆಚ್ಚುಕಡಿಮೆ 1300 ವರ್ಷ ಹಳೆಯದು. ‘ಸಾಧುಗೆ ಸಾಧು’ ಅಂತ ಶುರುವಾಗುವ ಸಾಲು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಒಬ್ಬರೇ ಕಣ್ಣಿನಲ್ಲಿ ಓದಿದರೆ ಅದು ಪರೀಕ್ಷೆಯ ಟಿಪ್ಪಣಿಯಂತೆ ಕಾಣುತ್ತದೆ. ಒಂದು ಓದಿನ ಗುಂಪಿನಲ್ಲಿ ನಾಲ್ಕಾರು ಜನ ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಿದರು. ಮೂರನೆಯವರು ಮುಗಿಸುವಷ್ಟರಲ್ಲಿ ಇಳಕಲ್ಲಿನ ಒಬ್ಬ ಅಜ್ಜಿ ತಡೆದರು. ‘ಇದು ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಧಾಟಿಗೆ ಕೂಡ್ತದಲ್ಲ!’ ಅಂದರು. ಸರಿಯಾದ ಮಾತೇ. ಶಾಸನದ ಆ ಪದ್ಯ ಇರುವುದು ತ್ರಿಪದಿಯಲ್ಲಿ, ಬೀಸುವ ಪದಗಳೂ ತ್ರಿಪದಿಯಲ್ಲೇ. ಹೇಳಿಕೊಡುವವರು ತಮ್ಮ ಪಾಠ ಬದಿಗಿಟ್ಟು ಅಜ್ಜಿಗೆ ಎರಡು ಪದ ಹಾಡಿ ಅಂದರು. ಆ ದಿನ ಛಂದಸ್ಸಿನ ಬಗ್ಗೆ ಎಲ್ಲರಿಗೂ ತಿಳಿದಷ್ಟು ಯಾವ ವಿಡಿಯೊದಲ್ಲೂ ತಿಳಿಯುತ್ತಿರಲಿಲ್ಲ.

ಅದಕ್ಕೇ 15 ಜನರ ಗುಂಪು ಅಂದರೆ ನನಗೆ ಇಷ್ಟ. ಕೇಳಬೇಕಾದ್ದು ಇಷ್ಟು: ಪದ್ಯಗಳನ್ನು ಮುಂಚೆಯೇ ಕಳಿಸುತ್ತಾರಾ, ಪ್ರತಿಯೊಬ್ಬರಿಂದ ಓದಿಸುತ್ತಾರಾ, ನೀವು ಬರೆದ ಅರ್ಧ ಪುಟವನ್ನಾದರೂ ನೋಡುತ್ತಾರಾ? ಮೂರಕ್ಕೂ ಇಲ್ಲ ಅಂದರೆ ಅದು ಉಪನ್ಯಾಸ. ಉಪನ್ಯಾಸಕ್ಕೆ ದುಡ್ಡು ಬೇಕಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಸ್ವಯಂ’ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಸಾಹಿತ್ಯ, ಭಾಷೆ, ಸಂಗೀತ ಆಸ್ವಾದನೆಯ ಪಾಠಗಳು ಕೂಡ ಇವೆ. ಕೇಳಲು ದುಡ್ಡಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಶುಲ್ಕ. ಹೊಸ ಪಾಠಗಳು ಹೆಚ್ಚಾಗಿ ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ.

ಜರ್ಮನ್ ಜಾಹೀರಾತನ್ನು ಬಿಟ್ಟುಬಿಡಿ. ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟ್ ಹೇಳುವ ಪ್ರಕಾರ ಎ1, ಅಂದರೆ ಮೊದಲನೇ ಮೆಟ್ಟಿಲಿಗೇ 45 ನಿಮಿಷದ 80ರಿಂದ 200 ಪಾಠ ಬೇಕು. ಕಡಿಮೆ ಅಂದರೂ 60 ಗಂಟೆ. 21 ದಿನದಲ್ಲಿ ಮುಗಿಸಲು ದಿನಾ ಹತ್ತಿರ ಹತ್ತಿರ ಮೂರು ಗಂಟೆ ಕೂರಬೇಕು, ಅದೂ ಬೇಗ ಕಲಿಯುವವರು. ಇನ್ನು ಬರೀ ವಿಡಿಯೊ ಬೇಕಿದ್ದರೆ ಜರ್ಮನಿಯ ಡಾಯ್ಚೆ ವೆಲೆ ಸಂಸ್ಥೆ ‘ನಿಕೋಸ್ ವೇಗ್’ ಎಂಬ ಪಾಠಮಾಲೆಯನ್ನು ಪುಕ್ಕಟೆ ಕೊಡುತ್ತದೆ, ಎ1ರಿಂದ ಮೂರನೇ ಮೆಟ್ಟಿಲಾದ ಬಿ1ವರೆಗೆ. ಮಗಳನ್ನು ನೋಡಿಕೊಂಡು ಬರುವ ವೀಸಾಕ್ಕೆ ಜರ್ಮನ್ ಪರೀಕ್ಷೆಯೂ ಬೇಡ. ದಿನಾ ಒಂದು ಪಾಠ ನೋಡಿ, ಭಾನುವಾರ ಮಗಳ ಜೊತೆ ಹತ್ತು ನಿಮಿಷ ಜರ್ಮನ್‌ನಲ್ಲೇ ಮಾತಾಡಿ. ನಿಮ್ಮನ್ನು ತಿದ್ದಲು ಮನೆಯವರೇ ಇದ್ದಾರೆ.

ಬೇರೆ ಓದುಗರಿಗಾಗಿ ಒಂದು ಮಾತು. ಮಾತಿನ ಭಾಷೆ ವಿಡಿಯೊದಿಂದ ಬರುವುದು ಕಷ್ಟ, ಆದರೆ ಲಿಪಿ ಚೆನ್ನಾಗಿ ಬರುತ್ತದೆ. ಉರ್ದು ಅಕ್ಷರ ಕಲಿಯಲು ಉರ್ದು ಸಾಹಿತ್ಯದ ಜಾಲತಾಣ ರೇಖ್ತಾದವರ ಪಾಠಗಳಿವೆ. ಬೆಳಗಾವಿ ಕಡೆಯವರಿಗೆ ಮೋಡಿ ಲಿಪಿಯೂ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ) ಉಪಯೋಗಕ್ಕೆ ಬರುತ್ತದೆ. ಮುಂಬೈ ಪ್ರಾಂತದ ಕಾಲದ ಹಳೆಯ ಜಮೀನಿನ ಕಾಗದಗಳು ಮೋಡಿಯಲ್ಲಿವೆ, ಓದುವವರು ಕಡಿಮೆಯಾಗುತ್ತಿದ್ದಾರೆ. ಕೆಲವು ವಾರಗಳ ಮೋಡಿ ಕ್ಲಾಸು ಸೇರಿ ಅಜ್ಜನ ಕಾಲದ ಕಾಗದ ತಾವೇ ಓದುವುದು ಎಂಥ ಖುಷಿ!

‘ಯಾವಾಗ ಬೇಕಾದರೂ ನೋಡಬಹುದು’ ಎಂಬ ಮಾತಿನ ಬಗ್ಗೆ ಎಚ್ಚರ ಇರಲಿ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸುಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ಪೂರ್ತಿ ಮುಗಿಸಿದವರು ಶೇಕಡಾ 3ರಷ್ಟು ಮಾತ್ರ. ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದವರಲ್ಲಿ ಅರ್ಧದ ಹತ್ತಿರ ಜನ ಮುಗಿಸಿದರು. ದುಡ್ಡು ಕಟ್ಟಿದ್ದರಿಂದಲೇ ಮುಗಿಸಿದರು ಅಂತ ಹೇಳಲಾಗದು, ಗಟ್ಟಿ ಮನಸ್ಸಿನವರೇ ದುಡ್ಡು ಕಟ್ಟಿರಬಹುದು. ಆದರೆ ದಿನ, ವೇಳೆ ಗೊತ್ತಿದ್ದು, ಆ ಕಡೆ ಒಬ್ಬರು ಕಾಯುತ್ತಿದ್ದರೆ ನಾವು ಕೂರುತ್ತೇವೆ. ಯಾವಾಗ ಬೇಕಾದರೂ ಅಂದರೆ ಆ ‘ಯಾವಾಗ’ ಬರುವುದೇ ಇಲ್ಲ.

ಸರ್ಟಿಫಿಕೇಟಿನ ಚಿಂತೆ ಈಗ ಬೇಡ. ಸಂಗೀತದಲ್ಲಿ ಮುಂದೆ ಬೇಕೆನಿಸಿದರೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟಬಹುದು. ಪ್ರಾರಂಭಿಕದಿಂದ ವಿಶಾರದದವರೆಗೆ ಮೆಟ್ಟಿಲುಗಳಿವೆ, ವಯಸ್ಸಾದವರೂ ಕಟ್ಟುತ್ತಾರೆ.

ಕೊನೆಗೆ ನಿಮ್ಮ ಲೆಕ್ಕ. ಹಾಡಿಕೆಗೆ ಸೇರಿ. ವರ್ಷದ ದುಡ್ಡು ಒಮ್ಮೆಲೇ ಕಟ್ಟಬೇಡಿ, ತಿಂಗಳು ತಿಂಗಳು ಕೊಡುತ್ತೇನೆ ಅನ್ನಿ. ಮೊದಲು ಒಂದು ಕ್ಲಾಸು ನೋಡುತ್ತೇನೆ ಅಂತ ಕೇಳಿ. ಅದರಲ್ಲಿ ಗುರುಗಳು ಎಷ್ಟು ಹೊತ್ತು ಹಾಡಿದರು, ನಿಮ್ಮಿಂದ ಎಷ್ಟು ಹೊತ್ತು ಹಾಡಿಸಿದರು ಅಂತ ಗಮನಿಸಿ. ಅರ್ಧಕ್ಕೆ ಅರ್ಧವಾದರೂ ನೀವು ಹಾಡಿರಬೇಕು. ಒಂದು ಗಂಟೆಯ ಕ್ಲಾಸಿಗೆ 1 ಜಿಬಿ ಡೇಟಾ ತೆಗೆದಿಡಿ. ಹಳಗನ್ನಡದ ಎಂಟು ಭಾನುವಾರವನ್ನು ಹಾಡಿಕೆ ಎರಡು ಮೂರು ತಿಂಗಳು ನಡೆದ ಮೇಲೆ ನೋಡಿ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ರಿಯಾಜಿನ, ಅಂದರೆ ಹಾಡಿಕೆ ಅಭ್ಯಾಸದ, ಹೊತ್ತು ಹಳಗನ್ನಡಕ್ಕೆ ಹೋಗುತ್ತದೆ. ಮತ್ತೆ, ಮೊದಲ ಕ್ಲಾಸಿಗೆ ಮುಂಚೆ ತಂಬೂರಿ ಆ್ಯಪ್ ಹಾಕಿಕೊಂಡು ನಿಮ್ಮ ಈಗಿನ ಷಡ್ಜ ಎಲ್ಲಿದೆ ನೋಡಿಕೊಳ್ಳಿ. ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಪೇಟಿಯ ಕಾಳಿ ಚಾರ್ ಅಥವಾ ಕಾಳಿ ಪಾಂಚ್‌ನ (ನಾಲ್ಕನೇ ಅಥವಾ ಐದನೇ ಕರಿ ಮನೆಯ) ಸುತ್ತ ಇರುತ್ತದೆ. ಹೈಸ್ಕೂಲಿನಲ್ಲಿ ಹಾಡಿದ ಶ್ರುತಿಗಿಂತ ಈಗ ಕೆಳಗೆ ಇಳಿದಿರಬಹುದು. ಹಳೆಯ ಶ್ರುತಿಗೆ ಏರಿಸಲು ಹೋಗಿ ಕಂಠ ನೋಯಿಸಿಕೊಳ್ಳಬೇಡಿ. ಎಲ್ಲಿ ಸಲೀಸಾಗಿ ನಿಲ್ಲುತ್ತದೋ ಅದನ್ನೇ ಗುರುಗಳಿಗೆ ಹೇಳಿ, ಅಲ್ಲಿಂದ ಶುರು ಮಾಡಿಸುತ್ತಾರೆ.